ಗೋಲ್ಕೊಂಡದ ಗೋಡೆಯಿಂದ ಬಂದ ಹಾಲಗಂಬ

ಟಿಕೆಟ್ ಕಿಟಕಿ ಇನ್ನೂ ತೆರೆದಿಲ್ಲ. ರಾತ್ರಿ ಹಿಡಿದ ಶ್ರಾವಣದ ಮಳೆ ಬಿಟ್ಟಿಲ್ಲ, ಬಿಡುವ ಲಕ್ಷಣವೂ ಕಾಣುತ್ತಿಲ್ಲ. ಗೋಲ್ಕೊಂಡ ಕೋಟೆಯೊಳಗೆ, ರಾಣಿವಾಸದ ಮುರುಕು ಕಮಾನುಗಳ ಹಿಂದೆ, ಏಣಿಯ ಮೇಲೆ ನಿಂತ ಹೆಂಗಸೊಬ್ಬರು ಗೋಡೆಗೆ ಕೆನ್ನೆ ಹಚ್ಚಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ. ತಲೆಯ ಮೇಲೆ ಗೊಬ್ಬರದ ಚೀಲ ಮಡಿಚಿ ಮಾಡಿಕೊಂಡ ಕೊಪ್ಪೆ. ಬಲಗೈ ಕಲ್ಲುಗಳ ನಡುವಿನ ಬಿರುಕಿನಲ್ಲಿ ಮಣಿಕಟ್ಟು ದಾಟಿ ಒಳಗೆ ಹೋಗಿದೆ. ಕಣ್ಣು ಮುಚ್ಚಿಕೊಂಡೇ ಏನನ್ನೋ ತಡಕುತ್ತಿದ್ದಾರೆ. ಅದು ಸಿಕ್ಕಿತೆಂದು ಮುಖ ನೋಡಿದರೆ ತಿಳಿಯುತ್ತದೆ.

“ಬಾ ನಮ್ಮವ್ವಾ, ಬಾ. ಇಲ್ಲಿ ನಿನಗ ಜಾಗಾ ಇಲ್ಲ. ಬ್ಯಾರೆ ಕಡಿ ಛಲೋ ಮಣ್ಣಾಗ ಹಚ್ಚತೀನಿ, ಸಿಟ್ಟಾಗಬ್ಯಾಡ” ಎಂದು ಗೋಡೆಯೊಂದಿಗೆ ಮಾತಾಡುತ್ತಾರೆ.

ಮಾತು ಮುಗಿಯುವಷ್ಟರಲ್ಲಿ ಒಂದು ಅರಳಿ ಸಸಿ ಈಚೆ ಬರುತ್ತದೆ. ಮೇಲೆ ನಾಲ್ಕೈದು ಎಲೆ, ಗೇಣುದ್ದದ ಕಾಂಡ. ಕೆಳಗೆ ಮಾತ್ರ ಮೊಳಕ್ಕಿಂತ ಉದ್ದನೆಯ ಬೇರು, ಅದರ ತುದಿಗೆ ಕೂದಲಿನಂಥ ಬಿಳಿ ಎಳೆಗಳು, ಎಳೆಗಳಿಗೆ ಅಂಟಿಕೊಂಡ ಹಳೆಯ ಸುಣ್ಣದ ಪುಡಿ. ಒಂದೆಳೆಯೂ ಹರಿದಿಲ್ಲ. ಸಸಿಯನ್ನು ಕಣ್ಣಿಗೊತ್ತಿಕೊಂಡು, ಏಣಿಗೆ ತೂಗುಹಾಕಿದ ಬಣ್ಣದ ಖಾಲಿ ಡಬ್ಬಿಯೊಳಗಿಟ್ಟು ಹಸಿ ಗೋಣಿ ಮುಚ್ಚುತ್ತಾರೆ. ಆಮೇಲೆ ಏಣಿ ಇಳಿದು, ಅದನ್ನು ಪಕ್ಕಕ್ಕೆ ಸರಿಸಿ, ಮುಂದಿನ ಬಿರುಕಿಗೆ ಹತ್ತುತ್ತಾರೆ.

ಇವರು ಶರಣಬಸಮ್ಮ. ಸೇಡಂ ಕಡೆಯ ಹಳ್ಳಿಯವರು. ಕೋಟೆಯ ಗೋಡೆಗಳಲ್ಲಿ ಹುಟ್ಟುವ ಗಿಡಗಳನ್ನು ಕೀಳುವುದೇ ಇವರ ಕೆಲಸ. ಜೊತೆಯ ತೆಲುಗು ಆಳುಗಳ ಬಾಯಲ್ಲಿ ಇವರು ‘ಚೆಟ್ಲಮ್ಮ’, ಗಿಡಗಳ ಅಮ್ಮ. ಕೋಟೆ ನೋಡಲು ಬರುವವರ ಕಣ್ಣಿಗೆ ಇವರು ಬೀಳುವುದಿಲ್ಲ. ಬಿದ್ದರೂ ಕಸ ಗುಡಿಸುವವರು ಅಂದುಕೊಂಡು ಮುಂದೆ ಹೋಗುತ್ತಾರೆ. ಎಲ್ಲರಿಗೂ ಹೆಬ್ಬಾಗಿಲಲ್ಲಿ ಚಪ್ಪಾಳೆ ತಟ್ಟಿ, ಅದು ಬೆಟ್ಟದ ತುದಿಗೆ ಕೇಳಿಸಿತೇ ಎಂದು ನೋಡುವ ಅವಸರ.

ಆದರೆ ಕೋಟೆಗೆ ಇಂದು ನಿಜವಾದ ಶತ್ರು ಯಾರು ಎಂದು ಕೇಳಿದರೆ ಶರಣಬಸಮ್ಮ ಆಕಾಶ ತೋರಿಸುತ್ತಾರೆ. ಹಕ್ಕಿ ಅರಳಿ ಹಣ್ಣು ತಿಂದು ಬಂದು ಗೋಡೆಯ ಮೇಲೆ ಕೂರುತ್ತದೆ. ಅದರ ಹಿಕ್ಕೆಯಲ್ಲಿರುವ ಬೀಜ ಸಾಸಿವೆಗಿಂತ ಸಣ್ಣದು. ಬಿರುಕಿನಲ್ಲಿ ಒಂದು ಚಿಟಿಕೆ ದೂಳು, ಒಂದು ಮಳೆ ಸಿಕ್ಕರೆ ಸಾಕು, ಚಿಗುರುತ್ತದೆ. ಬಿಟ್ಟರೆ ಕೆಲವೇ ವರ್ಷಗಳಲ್ಲಿ ಬೇರು ತೊಡೆ ಗಾತ್ರವಾಗಿ ಕಲ್ಲುಗಳನ್ನು ಬೇರೆ ಬೇರೆ ಮಾಡುತ್ತದೆ. ತಿಂಗಳುಗಟ್ಟಲೆ ಮುತ್ತಿಗೆಗೆ ಜಗ್ಗದೆ ನಿಂತ ಗೋಡೆ ಇದು. ಸಾಸಿವೆಗಿಂತ ಸಣ್ಣ ಬೀಜ ಅದನ್ನು ಕೆಡವಬಲ್ಲದು ಎಂಬುದನ್ನು ನೆನೆದರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ದಿನವೂ ಅದನ್ನೇ ನೋಡುವ ಶರಣಬಸಮ್ಮನಿಗೂ ಆ ಬೆರಗು ಕಡಿಮೆಯಾಗಿಲ್ಲ.

“ಸಣ್ಣದು ಅಂತ ಬಿಡಂಗಿಲ್ರಿ. ಗ್ವಾಡಿ ಭಾಳ ಗಟ್ಟಿ ಐತಿ, ಖರೆ. ಆದ್ರ ಬೇರಿಗಿ ಅವಸರ ಇಲ್ಲ ನೋಡ್ರಿ. ಅದು ನಿಧಾನಕ ಹೋಗ್ತೈತಿ, ಸುಮ್ನ ಹೋಗ್ತೈತಿ” ಎನ್ನುತ್ತಾರೆ.

ಬೇಸಿಗೆಯಲ್ಲಿ ಎಳೆದರೆ ಗಿಡ ಮುರಿಯುತ್ತದೆ, ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಮಳೆಯಲ್ಲಿ ಬಿರುಕಿನ ಮಣ್ಣು ಮೆತ್ತಗಾಗಿರುತ್ತದೆ, ಆಗ ಬೇರು ತಾನಾಗಿ ಕೈಗೆ ಬರುತ್ತದೆ. ಇದನ್ನು ಹೇಳಿಕೊಟ್ಟವರು ಶಾರದಾಬಾಯಿ ಎಂಬ ಹಿರಿಯ ಆಳು. ಅವರು ಈಗಿಲ್ಲ. ಆ ಪಾಠದಂತೆ, ಪ್ರವಾಸಿಗಳು ಮಳೆಗೆ ಹೆದರಿ ಕಮಾನಿನಡಿ ಓಡುವ ಹೊತ್ತಿಗೆ ಶರಣಬಸಮ್ಮ ಬಯಲಿಗೆ ಬರುತ್ತಾರೆ. ಆಷಾಢದ ಬೋನಾಲು ಜಾತ್ರೆ ಮುಗಿದು, ಬೆಟ್ಟದ ಮೇಲಿನ ಜಗದಂಬೆಯ ಗುಡಿಯ ಹಾದಿ ಖಾಲಿಯಾದ ಮೇಲೆ ಇವರ ಸುಗ್ಗಿ ಶುರು. ನೆನೆಯದ ದಿನವಿಲ್ಲ. ಅಂಗೈ ಚರ್ಮ ನೀರಿನಲ್ಲಿ ಬಿಳಿಚಿ ಸುಕ್ಕುಗಟ್ಟಿದೆ, ಸುಣ್ಣ ತಿಂದು ಉಗುರುಗಳು ಮೊಂಡಾಗಿವೆ.

ಇವರು ಕಿತ್ತ ಜಾಗವನ್ನು ಮಳೆ ನಿಂತ ಮೇಲೆ ಸುಣ್ಣದ ಗಚ್ಚಿನಿಂದ ತುಂಬುವವರು ಗಂಡ ಸಂಗಣ್ಣ. ಗಚ್ಚು ಅರೆಯುವ ಮೇಸ್ತ್ರಿ. “ಆಕಿ ತೂತು ಮಾಡ್ತಾಳ, ನಾ ಮುಚ್ಚತೀನಿ. ಮನ್ಯಾಗೂ ಹಂಗ ನಡದೈತ್ರಿ” ಎಂದು ನಗುತ್ತಾರೆ. ಗಂಡ ಹೆಂಡತಿ ಊರು ಬಿಟ್ಟು ಬಂದಾಗ ಎತ್ತರದ ಫ್ಲಾಟುಗಳಿಗೆ ಇಟ್ಟಿಗೆ ಹೊರುತ್ತಿದ್ದರು. ಸಂಗಣ್ಣನಿಗೆ ಗಚ್ಚಿನ ಕೆಲಸ ಗೊತ್ತಿದ್ದದ್ದರಿಂದ ಕೋಟೆಗೆ ಬಂದರು. ಅಂದಿನಿಂದ ಇಬ್ಬರ ಅನ್ನವೂ ಈ ಗೋಡೆಯದೇ. ಕೋಟೆಯ ಹೊರಸುತ್ತಿನ ಓಣಿಯಲ್ಲಿ ಬಾಡಿಗೆ ಮನೆ. ಮಗಳು ಸುವರ್ಣಾ ಮೆಹದಿಪಟ್ನಂನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ.

ಕಿತ್ತ ಅರಳಿಯನ್ನು ಶರಣಬಸಮ್ಮ ಕಸಕ್ಕೆ ಹಾಕುವುದಿಲ್ಲ. ಅರಳಿ ದೇವರ ಗಿಡ. ಕಡಿಯಬಾರದು, ಸುಡಬಾರದು, ತುಳಿಯಬಾರದು ಎಂದು ಊರಲ್ಲಿ ಕಲಿತದ್ದು ಇನ್ನೂ ಮೈಯಲ್ಲಿದೆ. ಹಾಗೆಂದು ಮನೆಯಂಗಳದಲ್ಲಿ ನೆಡಲು ಯಾರೂ ಒಪ್ಪುವುದಿಲ್ಲ. ಆದ್ದರಿಂದ ರಜೆಯ ದಿನ ಡಬ್ಬಿ ಹಿಡಿದು ಸಿಟಿ ಬಸ್ಸು ಹತ್ತುತ್ತಾರೆ. ಉಪ್ಪಲ್ ಕಡೆಯ ಕೆರೆ ಏರಿಯ ಮೇಲೆ, ಜೀಡಿಮೆಟ್ಲಾದ ಕಾರ್ಖಾನೆ ರಸ್ತೆಯ ಬದಿಯಲ್ಲಿ, ಹೆಸರಿಲ್ಲದ ಎಷ್ಟೋ ಬಯಲುಗಳಲ್ಲಿ ಕೋಟೆಯ ಗೋಡೆಯಲ್ಲಿ ಹುಟ್ಟಿದ ಮರಗಳಿವೆ. ಕೆಲವು ಈಗ ನೆರಳು ಕೊಡುವಷ್ಟು ದೊಡ್ಡವಾಗಿವೆ. ಅವುಗಳ ಕೆಳಗೆ ಆಟೊ ನಿಲ್ಲಿಸಿಕೊಂಡು ಮಲಗುವವರಿಗೆ ಈ ಕಥೆ ಗೊತ್ತಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಮಾತು ಶರಣಬಸಮ್ಮನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು. ಅದನ್ನು ಆಡಿದವನು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ.

ಉಪ್ಪಲ್‌ನಲ್ಲಿ ಆಟೊ ಓಡಿಸುವ ಆ ತಮ್ಮನ ಹೆಸರು ಮೌನಪ್ಪ. ಅಕ್ಕನೆಂದರೆ ಜೀವ ಬಿಡುವವನು, ಸುವರ್ಣಾಳನ್ನು ಹೆಗಲ ಮೇಲೆ ಹೊತ್ತು ಆಡಿಸಿದವನು. ಅವನ ಹೆಂಡತಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಆಸ್ಪತ್ರೆಗೆ ತಿರುಗಿದ್ದಾಯಿತು, ಹರಕೆ ಹೊತ್ತದ್ದಾಯಿತು. ಕಡೆಗೆ ಊರಿನ ಯಾರೋ ಹಿರಿಯರು, ನಿಮ್ಮ ವಂಶದಲ್ಲಿ ಯಾರಾದರೂ ಅರಳಿ ಕಿತ್ತಿದ್ದಾರೇನಪ್ಪಾ ಎಂದು ಕೇಳಿದರಂತೆ. ಮೌನಪ್ಪನ ತಲೆಯೊಳಗೆ ಆ ಪ್ರಶ್ನೆ ಹೊಕ್ಕಿತು, ಅಲ್ಲೇ ಬೇರು ಬಿಟ್ಟಿತು.

ಈ ಯುಗಾದಿಗೆ ಸುವರ್ಣಾಳಿಗೆ ಗಂಡು ಗೊತ್ತಾಯಿತು. ಶಂಶಾಬಾದ್‌ನ ವಿಮಾನ ನಿಲ್ದಾಣದಲ್ಲಿ ಎಲೆಕ್ಟ್ರಿಕ್ ಕೆಲಸ ಮಾಡುವ, ಯಾದಗಿರಿ ಕಡೆಯ ಹುಡುಗ. ದೀಪಾವಳಿ ಮುಗಿದ ಮೇಲೆ ಮದುವೆ. ಇವರ ಕಡೆ ಮದುವೆ ಶುರುವಾಗುವುದು ಹಾಲಗಂಬದಿಂದ. ಹಾಲು ಸುರಿಯುವ ಜಾತಿಯ ಮರದ ಹಸಿರು ಟೊಂಗೆಯನ್ನು ಹೆಣ್ಣಿನ ಸೋದರಮಾವ ಹೆಗಲ ಮೇಲೆ ಹೊತ್ತು ತರಬೇಕು, ನೆಲಕ್ಕೆ ಇಳಿಸಬಾರದು. ಐದು ಮಂದಿ ಮುತ್ತೈದೆಯರು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಮನೆ ಮುಂದೆ ನಿಲ್ಲಿಸಬೇಕು. ಆಮೇಲೆಯೇ ಹಂದರ, ಆಮೇಲೆಯೇ ಉಳಿದ ಶಾಸ್ತ್ರ. ಹಾಗಾಗಿ ಮೌನಪ್ಪನಿಲ್ಲದೆ ಮದುವೆಯಿಲ್ಲ.

“ಅಕ್ಕಾ, ಆ ಕೆಲಸಾ ಬಿಡು. ಬಿಟ್ಟ ಮ್ಯಾಲೆ ಗಂಬ ಹೊರ್ತೀನಿ. ಅರಳಿ ಕೀಳೋ ಕೈಯ ಮನಿ ಮುಂದ ಹಾಲಗಂಬ ನಿಂದರಂಗಿಲ್ಲ” ಎಂದು ಮೌನಪ್ಪ ಹೇಳಿ ಹೋದ. ಬೈದು ಹೇಳಿದ್ದರೆ ತಿರುಗಿ ಬೈಯಬಹುದಿತ್ತು. ಅವನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದ.

ಶರಣಬಸಮ್ಮ ಸಂಕಟಕ್ಕೆ ಬಿದ್ದರು. ಕೆಲಸ ಬಿಟ್ಟರೆ ಗೋಡೆ ಯಾರು ನೋಡುತ್ತಾರೆ? ಬಿಡದಿದ್ದರೆ ಮಗಳ ಹಂದರ ಏಳುವುದು ಹೇಗೆ? ಅದಕ್ಕಿಂತ ಒಳಗಿನ ಮಾತೊಂದಿತ್ತು. ತಮ್ಮ ಹೇಳಿದ್ದು ಸುಳ್ಳೆಂದು ಅವರಿಗೂ ಗಟ್ಟಿಯಾಗಿ ಅನ್ನಿಸುತ್ತಿರಲಿಲ್ಲ. ಗೋಡೆಯಿಂದ ಒಂದೊಂದು ಸಸಿ ಈಚೆ ಬರುವಾಗಲೂ ತಮ್ಮನ ಹೆಂಡತಿಯ ಬರಿದಾದ ಮಡಿಲು ಕಣ್ಣ ಮುಂದೆ ಬರುತ್ತಿತ್ತು. ಅಂಥ ಹೊತ್ತಿನಲ್ಲಿ, ಈ ಶ್ರಾವಣದ ಮೊದಲ ವಾರ, ಕೋಟೆಗೆ ಒಂದು ಮದುವೆಯ ದಿಬ್ಬಣವೇ ಬಂದಿಳಿಯಿತು.

ಇದು ಈಗಿನ ಕಾಲದ ಡೆಸ್ಟಿನೇಷನ್ ವೆಡ್ಡಿಂಗ್. ಹೆಣ್ಣಿನವರು ಚಿತ್ತಾಪುರದವರು, ಗಂಡಿನವರು ಬೆಂಗಳೂರಿನವರು, ಮದುವೆ ಮಾತ್ರ ಇಬ್ಬರ ಊರೂ ಅಲ್ಲದ ಶಂಶಾಬಾದ್ ಹತ್ತಿರದ ರೆಸಾರ್ಟಿನಲ್ಲಿ. ಮೊದಲ ದಿನ ಮೆಹಂದಿ, ಎರಡನೆಯ ದಿನ ಬೆಳಿಗ್ಗೆ ಕೋಟೆ, ಸಂಜೆ ಹಂದರ ಎಂದು ಎಲ್ಲವನ್ನೂ ಅಚ್ಚುಕಟ್ಟಾಗಿ ಹೊಂದಿಸಲಾಗಿತ್ತು. ಬಸ್ಸಿನಿಂದ ಇಳಿದವರೆಲ್ಲರ ಕೈಯಲ್ಲೂ ಒಂದೇ ಬಣ್ಣದ ಕೊಡೆ, ಕೊಡೆಯ ಮೇಲೆ ‘ಶೀತಲ ವೆಡ್ಸ್ ವೈಭವ’ ಎಂಬ ಅಕ್ಷರ. ಮಳೆ ಕೊಡೆಗೆ ಬಗ್ಗುವಂಥದ್ದಾಗಿರಲಿಲ್ಲ. ಎಲ್ಲರೂ ಹೆಬ್ಬಾಗಿಲಿನ ಕಮಾನಿನಡಿ ಒತ್ತೊತ್ತಾಗಿ ನಿಂತು ಚಪ್ಪಾಳೆ ತಟ್ಟತೊಡಗಿದರು.

ಅವರಲ್ಲಿ ಮುಖ ಊದಿಸಿಕೊಂಡಿದ್ದವರು ಒಬ್ಬರೇ, ಮದುಮಗಳು ಶೀತಲಳ ಅಜ್ಜಿ ಗಿರಿಜಾಬಾಯಿ. ಅವರ ಸಿಟ್ಟಿಗೆ ಕಾರಣವಿತ್ತು. ಶೀತಲಳ ಸೋದರಮಾವ ವಿಜಯಕುಮಾರ ಚಿತ್ತಾಪುರದ ಹೊಲದಿಂದ ಅತ್ತಿಯ ಹಸಿ ಟೊಂಗೆ ಕಡಿದು, ಕಾರಿನಲ್ಲಿ ಹಿಂದಿನ ಸೀಟಿನ ತುಂಬ ಮಲಗಿಸಿಕೊಂಡು ತಂದಿದ್ದರು. ಬಾಡದಿರಲೆಂದು ರೆಸಾರ್ಟಿನ ಸ್ನಾನದ ತೊಟ್ಟಿಯಲ್ಲಿ ನೀರು ತುಂಬಿ ನಿಲ್ಲಿಸಿದ್ದರು. ಅಲಂಕಾರದವರಿಗೆ ಹಾಲಗಂಬ ಬೇಕೆಂದು ಯಾರೋ ಹೇಳಿದ್ದರು, ಅದು ಏನೆಂದು ಯಾರೂ ಹೇಳಿರಲಿಲ್ಲ. ಪಾಪ, ಅವರು ಒಳ್ಳೆಯ ಮನಸ್ಸಿನಿಂದಲೇ ಟೊಂಗೆಯ ಎಲೆಗಳನ್ನೆಲ್ಲ ಬೋಳಿಸಿ, ಮದುವೆಯ ಉಳಿದ ಅಲಂಕಾರಕ್ಕೆ ಹೊಂದಲೆಂದು ಅದಕ್ಕೆ ಬಂಗಾರದ ಬಣ್ಣ ಹೊಡೆದಿದ್ದರು.

ಬೆಳಿಗ್ಗೆ ಅದನ್ನು ನೋಡಿದ ಗಿರಿಜಾಬಾಯಿ ಒಂದೇ ಮಾತು ಹೇಳಿದ್ದರು. “ಇದು ಗಂಬ ಅಲ್ಲ, ಕಟಗಿ.” ರೆಸಾರ್ಟಿನಲ್ಲಿದ್ದದ್ದು ಹುಲ್ಲುಹಾಸು ಮತ್ತು ಸಾಲು ತಾಳೆ. ಹಾಲು ಬರುವ ಮರ ಒಂದೂ ಇರಲಿಲ್ಲ. ಕೋಟೆಯಲ್ಲಾದರೂ ಸಿಕ್ಕೀತೆಂಬ ಆಸೆಗೆ ಅಜ್ಜಿ ಬಸ್ಸು ಹತ್ತಿದ್ದರು.

ಚಪ್ಪಾಳೆಯ ಗದ್ದಲ ಅವರಿಗೆ ಬೇಕಿರಲಿಲ್ಲ. ಕೋಲೂರಿಕೊಂಡು, ವಿಜಯಕುಮಾರನ ಕೈ ಹಿಡಿದು, ಮೊಮ್ಮಗಳನ್ನೂ ಕರೆದುಕೊಂಡು ರಾಣಿವಾಸದ ಕಡೆ ನಡೆದರು. ಅಲ್ಲಿ ನಿಂತು ತಲೆಯೆತ್ತಿದವರು ಹಾಗೆಯೇ ನಿಂತುಬಿಟ್ಟರು. ಬೆಟ್ಟದ ಕರಿಬಂಡೆಗಳಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು. ಯಾವ ಕಾಲದಲ್ಲೋ ಕಡೆದ ಕಾಲುವೆಗಳು ಅದನ್ನು ಹಿಡಿದು, ಒಂದು ಹನಿ ಚೆಲ್ಲದೆ, ಕೆಳಗಿನ ಹೊಂಡಕ್ಕೆ ತರುತ್ತಿದ್ದವು. ಕಟ್ಟಿಸಿದವರಿಲ್ಲ, ಕುಡಿದವರಿಲ್ಲ, ಚಾವಣಿಗಳೂ ಇಲ್ಲ. ನೀರು ಮಾತ್ರ ತನ್ನ ಹಾದಿ ಮರೆತಿರಲಿಲ್ಲ. ಗಿರಿಜಾಬಾಯಿಯ ಸಿಟ್ಟು ಆ ಕ್ಷಣಕ್ಕೆ ಎಲ್ಲಿ ಹೋಯಿತೋ ಅವರಿಗೇ ತಿಳಿಯಲಿಲ್ಲ. “ಯಪ್ಪಾ, ಎಂಥಾ ಮಂದಿ ಇದ್ದಿದ್ದಾರು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಗ ಕಮಾನಿನ ಹಿಂದಿನಿಂದ ಕನ್ನಡ ಕೇಳಿಸಿತು. “ಬಾ ನಮ್ಮವ್ವಾ, ಬಾ.”

ಮೂವರೂ ಅತ್ತ ಹೋಗಿ ನೋಡಿದರೆ ಏಣಿಯ ಮೇಲೆ ಶರಣಬಸಮ್ಮ. ಅಂದು ಅವರ ಕೈಗೆ ಬಂದಿದ್ದದ್ದು ಸಣ್ಣ ಸಸಿಯಲ್ಲ. ಮೂಲೆಯ ಗೋಡೆಯಲ್ಲಿ ಹೋದ ವರ್ಷ ಏಣಿ ನಿಲ್ಲದೆ ಉಳಿದುಹೋಗಿದ್ದ, ಎದೆಯೆತ್ತರ ಬೆಳೆದ ಅರಳಿ. ಬೇರು ಸಮೇತ ಅದನ್ನು ಇಳಿಸಿ ನೆಲಕ್ಕೆ ಬಂದಾಗ ಮುರಿದ ಎಲೆಯ ತೊಟ್ಟಿನಿಂದ ಬಿಳಿ ಹಾಲು ತೊಟ್ಟಿಕ್ಕುತ್ತಿತ್ತು. ಗಿರಿಜಾಬಾಯಿಯ ಕಣ್ಣು ಅಲ್ಲಿಗೇ ಅಂಟಿಕೊಂಡಿತು.

“ಯಾವೂರವ್ವಾ ನಿಂದು?”

“ಸೇಡಂ ಕಡೇರಿ. ನೀವು?”

“ಚಿತ್ತಾಪುರ. ಅವ್ವಾ, ಆ ಗಿಡಾ ನನಗ ಕೊಡ್ತಿಯೇನು? ಮೊಮ್ಮಗಳ ಮದುವಿ ಐತಿ. ಹಾಲಗಂಬ ಇಲ್ದ ಕುಂತೀವಿ.”

ಆ ಹೆಸರು ಕೇಳುತ್ತಲೇ ಶರಣಬಸಮ್ಮ ಹಿಂದಕ್ಕೆ ಹೆಜ್ಜೆಯಿಟ್ಟರು. ಗಿಡವನ್ನು ಬೆನ್ನ ಹಿಂದೆ ಸರಿಸಿಕೊಂಡರು. “ಬ್ಯಾಡ್ರಿ ಅಮ್ಮಾರ. ಇದು ಮದುವಿಗಿ ಬ್ಯಾಡ್ರಿ” ಎಂದರು. ಸರ್ಕಾರದ ಗಿಡವೇ, ಮೇಲಿನವರನ್ನು ಕೇಳಬೇಕೇ ಎಂದು ವಿಜಯಕುಮಾರ ವಿಚಾರಿಸಿದರು. ಅದಲ್ಲವೆಂದು ತಲೆಯಾಡಿಸಿದರು. ಕಿತ್ತ ಗಿಡಗಳನ್ನು ಒಯ್ಯಲು ಅವರಿಗೆ ಎಂದೋ ಒಪ್ಪಿಗೆ ಸಿಕ್ಕಿತ್ತು. ಕಡೆಗೆ ಶೀತಲಳ ಮೆಹಂದಿಯ ಕೈ ನೋಡುತ್ತ ಇದ್ದದ್ದನ್ನು ಇದ್ದಂತೆ ಹೇಳಿದರು. “ನನ್ನ ಕೈ ಛಲೋದಲ್ಲ ಅಂತಾರ್ರಿ. ಅರಳಿ ಕೀಳ್ತೀನಿ. ನನ್ನ ತಮ್ಮನ ಮನ್ಯಾಗ ತೊಟ್ಲಾ ತೂಗವಲ್ದು. ನನ್ನ ಮಗಳ ಹಂದರಕ್ಕ ಅವ ಗಂಬ ಹೊರಂಗಿಲ್ಲ ಅಂದಾನ. ಈ ಕೂಸಿನ ಮದುವಿಗಿ ನಾ ಹ್ಯಾಂಗ ಕೊಡ್ಲಿ?”

ಒಂದು ಗಿಡ ಕೊಟ್ಟು ಕೈ ತೊಳೆದುಕೊಳ್ಳುವುದು ಸುಲಭವಿತ್ತು. ಗುರುತು ಪರಿಚಯವಿಲ್ಲದ ಹುಡುಗಿಯ ಒಳಿತಿಗಾಗಿ ತನ್ನ ಮನೆಯ ನೋವನ್ನು ಬಿಚ್ಚಿಟ್ಟ ಈ ಹೆಂಗಸನ್ನು ಗಿರಿಜಾಬಾಯಿ ದಿಟ್ಟಿಸಿ ನೋಡಿದರು. ಆಮೇಲೆ ಗೋಡೆಯ ಬಿರುಕಿನತ್ತ ಕೋಲು ತೋರಿಸಿ, “ಎಲ್ಲಿಂದ ತಗದಿ, ತೋರಸು” ಎಂದರು.

ಶರಣಬಸಮ್ಮ ಅವರ ಕೈ ಹಿಡಿದು ಕೆಳಗಿನ ಬಿರುಕೊಂದರೊಳಗೆ ಇಳಿಸಿದರು. ಹೊರಗೆ ಕೊರೆಯುವ ಮಳೆ. ಗೋಡೆಯ ಒಳಗೆ ಮಾತ್ರ ಬೆಚ್ಚಗಿತ್ತು. ನೂರಾರು ವರ್ಷಗಳ ಹಿಂದೆ ಯಾರದೋ ಕೈ ಮೆತ್ತಿದ ಗಚ್ಚು ಬೆರಳಿಗೆ ಹಿಟ್ಟಿನಷ್ಟು ನುಣ್ಣಗೆ ತಾಗಿತು. ಬಿರುಕಿನ ಮಣ್ಣು ನೆನೆದಿದ್ದರೂ ಆ ಗಚ್ಚಿನೊಳಕ್ಕೆ ನೀರು ಇಳಿದಿರಲಿಲ್ಲ. ಗಿರಿಜಾಬಾಯಿ ಬೆರಳಿನಿಂದ ಅದನ್ನು ಸವರಿದರು. “ಒಳಗ ಯಾರೋ ಜೀವಂತ ಅದಾರ ಅನಸ್ತೈತಿ” ಎಂದರು. ಶೀತಲಳೂ ಮೆಹಂದಿ ಕೈಯನ್ನು ಒಳಗಿಟ್ಟಳು. ಕೋಟೆಯನ್ನು ನೋಡಿದವರು ಲಕ್ಷಗಟ್ಟಲೆ ಜನ, ಹೀಗೆ ಮುಟ್ಟಿ ನೋಡಿದವರು ಬಹಳ ಕಡಿಮೆ.

ಕೈ ಈಚೆ ತೆಗೆದ ಅಜ್ಜಿ ಅದನ್ನು ಒರೆಸಿಕೊಳ್ಳಲಿಲ್ಲ.

“ಸೂಲಗಿತ್ತಿ ಏನ್ ಮಾಡ್ತಾಳವ್ವಾ?” ಎಂದು ಕೇಳಿದರು. “ಆಕೀನೂ ಎಳೀತಾಳ. ಎಳದು ಬಿಸಾಕ್ತಾಳೇನು? ಅವ್ವನ ಉಡ್ಯಾಗ ಹಾಕ್ತಾಳ. ನೀ ಎಳದಿದ್ದು ಎಲ್ಲಿ ಇಡ್ತಿ?”

“ಮಣ್ಣಾಗ್ರಿ.”

“ಬದಕ್ತಾವು?”

“ಬದಕ್ತಾವ್ರಿ. ಉಪ್ಪಲ್‌ದಾಗ ಒಂದು ಮನಿಯಷ್ಟು ಎತ್ತರ ಆಗೈತಿ.”

“ಮತ್ತ? ನಾವು ಹೊಲದಾಗ ಟೊಂಗಿ ಕಡದು ತಂದ್ವಿ, ಅದು ಸತ್ತೇ ಬಂತು. ಇದಕ್ಕ ಬೇರು ಐತಿ. ಹಿಂತಾ ಗಂಬ ನಮ್ಮ ಮನ್ಯಾಗ ಯಾರಿಗೂ ಸಿಕ್ಕಿಲ್ಲ. ಸಂಜಿಕಿ ನೀನೂ ಬರಬೇಕು. ಐದು ಮಂದಿ ಮುತ್ತೈದೇರಾಗ ಮೊದಲ ಕೈ ನಿಂದ.”

ಶರಣಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬೇರಿಗೆ ಹಸಿ ಗೋಣಿ ಸುತ್ತಿ ಕಟ್ಟಿ, ಗಿಡವನ್ನು ವಿಜಯಕುಮಾರನ ಹೆಗಲಿಗೇರಿಸಿದರು. ಇಸ್ತ್ರಿ ಮಾಡಿದ ರೇಷ್ಮೆ ಜುಬ್ಬಾದ ಮೇಲೆ ಕೆಸರು ಇಳಿಯುತ್ತಿದ್ದರೂ ಆತ ಲಕ್ಷ್ಯ ಕೊಡಲಿಲ್ಲ. ಒದ್ದೆ ಮೆಟ್ಟಿಲುಗಳಲ್ಲಿ ಕಾಲು ಜಾರದಂತೆ, ಗಿಡ ನೆಲಕ್ಕೆ ತಾಗದಂತೆ, ಒಂದೊಂದೇ ಹೆಜ್ಜೆ ಇಡುತ್ತ ಹೊರಟರು. ಹೆಬ್ಬಾಗಿಲಿನಲ್ಲಿ ಚಪ್ಪಾಳೆ ತಟ್ಟುತ್ತಿದ್ದ ನೆಂಟರು ಅವರನ್ನು ಕಂಡು ಸುಮ್ಮನಾದರು. ಆಮೇಲೆ ಯಾರೋ ಒಬ್ಬರು ಮತ್ತೆ ತಟ್ಟಿದರು, ಎಲ್ಲರೂ ತಟ್ಟಿದರು. ಈ ಸಲ ಅದು ಬೆಟ್ಟದ ತುದಿಗೆ ಕೇಳಿಸಲೆಂದು ತಟ್ಟಿದ್ದಾಗಿರಲಿಲ್ಲ.

ಏಣಿಯ ಬುಡದಲ್ಲಿ ನಿಂತು ಇದನ್ನು ನೋಡುತ್ತಿದ್ದ ಶರಣಬಸಮ್ಮನಿಗೆ ತಮ್ಮನ ನೆನಪಾಯಿತು. “ಮಾವ ಅಂದ್ರ ಹಂಗಿರಬೇಕ್ರಿ. ನಮ್ಮ ಮೌನ್ಯಾನೂ ಹಂಗ ಇದ್ದ” ಎನ್ನುತ್ತಾರೆ ಈಗ.

ಸಂಜೆ ಒಗೆದ ಸೀರೆಯುಟ್ಟು, ಸುವರ್ಣಾಳನ್ನು ಕರೆದುಕೊಂಡು ರೆಸಾರ್ಟಿಗೆ ಹೋದರು. ಗೇಟಿನಲ್ಲೇ ನಿಂತಿದ್ದರಂತೆ. ಗಿರಿಜಾಬಾಯಿ ಕೋಲೂರಿಕೊಂಡು ಬಂದು ಕರೆದೊಯ್ದರು. ಹುಲ್ಲುಹಾಸು ಅಗೆಯಲು ರೆಸಾರ್ಟಿನವರು ಒಪ್ಪಿರಲಿಲ್ಲ, ಹೀಗಾಗಿ ತಾಮ್ರದ ಹಂಡೆಗೆ ಮಣ್ಣು ತುಂಬಿಸಿದ್ದರು. ಅರಳಿಗೆ ಮೊದಲ ಕುಂಕುಮ ಇಡುವಾಗ ಶರಣಬಸಮ್ಮನ ಕೈ ಅರ್ಧಕ್ಕೆ ನಿಂತಿತು. ಅಜ್ಜಿ ಆ ಕೈಯ ಮೇಲೆ ತಮ್ಮ ಕೈಯಿಟ್ಟು ಒತ್ತಿದರು. ಸುವರ್ಣಾ ಪಕ್ಕದಲ್ಲಿ ನಿಂತು ಅದನ್ನು ಮೊಬೈಲಿನಲ್ಲಿ ಹಿಡಿದಳು.

ಮುಂದಿನ ಎರಡು ದಿನ ಶರಣಬಸಮ್ಮನಿಗೆ ಊಟ ರುಚಿಸಲಿಲ್ಲ. ಗಿಡ ಬಾಡಿದರೆ? ಬೇರು ತೆಗೆದ ಗಿಡ ಮೊದಲ ದಿನ ತಲೆ ಬಾಗಿಸುವುದುಂಟು. ಈ ಸಲ ಹಾಗಾದರೆ ಬಾಗುವುದು ಗಿಡದ ತಲೆಯಷ್ಟೇ ಅಲ್ಲ. ಅಕ್ಷತೆ ಬಿದ್ದ ಮಧ್ಯಾಹ್ನ ಶೀತಲ ಫೋಟೊ ಕಳಿಸಿದಳು. ಹಂದರದ ಥಳಥಳ ಎಲ್ಲ ಒಂದು ಕಡೆ, ತಾಮ್ರದ ಹಂಡೆ ಒಂದು ಕಡೆ. ಹಂಡೆಯ ಅರಳಿ ಹಸಿರಾಗಿ ನಿಂತಿತ್ತು, ತುದಿಯಲ್ಲಿ ಒಂದು ಕೆಂಪು ಚಿಗುರು ಬಿಚ್ಚಿಕೊಂಡಿತ್ತು. ಹೊಸ ಗಂಡ ಹೆಂಡತಿ ಮರುದಿನ ಅದನ್ನು ಶಂಶಾಬಾದ್ ಕಡೆಯ ಕೆರೆ ದಂಡೆಯಲ್ಲಿ ನೆಟ್ಟು ಹೋದರು. ಎಲ್ಲಿ, ಎಷ್ಟು ಆಳಕ್ಕೆ ಎಂದು ಫೋನಿನಲ್ಲಿ ಹೇಳಿದವರು ಶರಣಬಸಮ್ಮನೇ.

ಅಂದಿನಿಂದ ಅವರಲ್ಲಿ ಏನು ಬದಲಾಗಿದೆ? ನೋಡಲು ಏನೂ ಇಲ್ಲ. ಅದೇ ಏಣಿ, ಅದೇ ಕೊಪ್ಪೆ, ಅದೇ ಮಾತು. ಕೆಲಸ ಬಿಡುವ ಮಾತನ್ನು ಮಾತ್ರ ಬಿಟ್ಟಿದ್ದಾರೆ. ಮನೆಯ ಬಾಗಿಲ ಪಕ್ಕದಲ್ಲಿ ದೊಡ್ಡದೊಂದು ಬಣ್ಣದ ಡಬ್ಬಿ ಬಂದಿದೆ, ಅದರಲ್ಲಿ ಒಂದು ಅರಳಿ. ಬಾಗಿಲಲ್ಲಿ ಅರಳಿ ಇಡುತ್ತಾರೆಯೇ ಎಂದು ಓಣಿಯವರು ಕೇಳಿದರೆ, “ಇದು ನೆಂಟರ ಹಂಗ ಬಂದೈತಿ, ದೀಪಾವಳಿ ತನಕಾ ಇರ್ತೈತಿ” ಎಂದು ಉತ್ತರ. ಸುವರ್ಣಾಳೇ ಕೇಳಿ ಹಾಕಿಸಿದ್ದು. “ನನ್ನ ಹಂದರಕ್ಕ ಗ್ವಾಡಿದೇ ಬೇಕು ಅವ್ವಾ, ನೀ ತಗದಿದ್ದೇ ಬೇಕು” ಎಂದಳಂತೆ.

ಮೊಬೈಲಿನಲ್ಲಿ ಹಿಡಿದದ್ದನ್ನು ಆಕೆ ಮಾವ ಮೌನಪ್ಪನಿಗೆ ಕಳಿಸಿದ್ದಳು. ಅವನು ನೋಡಿದ, ಉತ್ತರ ಬರೆಯಲಿಲ್ಲ. ಹೋದ ಭಾನುವಾರ ಮಾತ್ರ ಆಟೊ ತಂದು ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಬಂದು ಚಹಾ ಕುಡಿದ, ಮಳೆಯ ಮಾತಾಡಿದ, ಪೆಟ್ರೋಲಿನ ಮಾತಾಡಿದ. ಗಂಬದ ಸುದ್ದಿ ಅವನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಹೊರಡುವಾಗ ಬಾಗಿಲ ಬಳಿ ನಿಂತ. ಓಣಿಯ ಆಡುಗಳು ಅರಳಿಯ ಒಂದೆಲೆ ಕಚ್ಚಿದ್ದವು. ಬಗ್ಗಿ, ಮಣ್ಣು ತುಂಬಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲಿಗೆ ತಂದ. ಒಂದು ಗಳಿಗೆ ಅಲ್ಲೇ ಹಿಡಿದು ನಿಂತ. ಆಮೇಲೆ ಆಡಿಗೆ ಎಟುಕದಂತೆ ಕಿಟಕಿಯ ಕಟ್ಟೆಯ ಮೇಲಿಟ್ಟು, ಆಟೊ ಹತ್ತಿದ.

ಏಣಿಯ ಮೇಲಿಂದ ಇದನ್ನು ಹೇಳುವಾಗಲೂ ಶರಣಬಸಮ್ಮನ ಕೈ ಗೋಡೆಯೊಳಗೇ ಇದೆ. ಮಳೆ ಜೋರಾಗಿದೆ. ಕೆಳಗೆ ಹೆಬ್ಬಾಗಿಲು ತೆರೆದ ಸದ್ದು, ದಿನದ ಮೊದಲ ಚಪ್ಪಾಳೆ ಕೇಳಿಸುತ್ತದೆ. ತಮ್ಮ ಗಂಬ ಹೊರಲು ಬರುತ್ತಾನೆಯೇ ಎಂದು ಕೇಳಿದರೆ ಅವರು ಒಂದು ಬೇರನ್ನು ಪೂರ್ತಿ ಈಚೆ ತೆಗೆದು, ಡಬ್ಬಿಗಿಟ್ಟು, ಗೋಣಿ ಮುಚ್ಚುತ್ತಾರೆ.

“ಭಾರ ನೋಡಿ ಹೋಗ್ಯಾನ್ರಿ. ಬಂದ್ರ ಅವನ ಹೆಗಲ ಮ್ಯಾಲೆ, ಬರಲಿಲ್ಲಂದ್ರ ನನ್ನ ತಲಿ ಮ್ಯಾಲೆ. ಗಂಬ ಅಂತೂ ಈ ಗ್ವಾಡಿದೇ.”